ರಾಸ್ ಮೀನು ರಾತ್ರಿ ಎಲ್ಲಿ ಮಲಗುತ್ತದೆ?

ಉಪ್ಪುನೀರಿನ ಅಕ್ವೇರಿಯಂ ಕುರಿತು ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ರಾಸ್ ಎಂಬ ಬಣ್ಣಬಣ್ಣದ ಕಡಲ ಮೀನುಗಳಿಗೆ ಸಂಬಂಧಿಸಿದವು. ಆದ್ದರಿಂದ ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು, ಇವನ್ನೆಲ್ಲ ಒಟ್ಟಿಗೆ ತೆಗೆದುಕೊಳ್ಳಲಾಗಿದೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಒಂದಾಗಿ ಮಾಡಿದ್ದೇವೆ.

ಪ್ರಶ್ನೆ: ಮಾನ್ಯರೇ, ನಮ್ಮ ಮನೆಯಲ್ಲಿ ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಎತ್ತರದ ಉಪ್ಪುನೀರಿನ ಟ್ಯಾಂಕ್ ಇದೆ. ಕಟ್ಟಿ ಎಂಟು ತಿಂಗಳಾಯಿತು. ಒಂದು ಜೊತೆ ಕ್ಲೌನ್ ಮೀನು ಮತ್ತು ಕೆಲವು ಮೃದು ಹವಳಗಳಿವೆ. ಅಂಗಡಿಯಲ್ಲಿ ಅಚ್ಚ ಹಳದಿ ಬಣ್ಣದ ರಾಸ್, ಆರು ಗೆರೆಗಳ ರಾಸ್ ಮತ್ತು ಬೆನ್ನಿನ ಮೇಲೆ ಬಿಳಿ ಮಚ್ಚೆಗಳಿರುವ ಕಿತ್ತಳೆ ಬಣ್ಣದ ಪುಟ್ಟ ರಾಸ್ ಒಂದನ್ನು ತೋರಿಸಿದರು. ಮೂರೂ ಚೆನ್ನಾಗಿಯೇ ಕಾಣುತ್ತವೆ. ಯಾವುದನ್ನು ತರುವುದು? (ಬಸವನಗುಡಿಯ ಓದುಗರು)

ಉತ್ತರ: ನೀವು ಕೊಟ್ಟಿರುವ ಅಳತೆಯ ತೊಟ್ಟಿಯಲ್ಲಿ ಸುಮಾರು 450 ಲೀಟರ್ ನೀರು ಹಿಡಿಯುತ್ತದೆ. ಕಲ್ಲು, ಮರಳುಗಳ ಪಾಲನ್ನು ಕಳೆದರೂ ಸಣ್ಣ ಜಾತಿಯ ಒಂದೆರಡು ರಾಸ್‌ಗಳಿಗೆ ಅದು ಧಾರಾಳವಾಗಿ ಸಾಕು. ತೊಟ್ಟಿಗೆ ಎಂಟು ತಿಂಗಳಾಗಿರುವುದೂ ಅನುಕೂಲವೇ. ರಾಸ್‌ಗಳು ಹಗಲಿಡೀ ಕಲ್ಲಿನ ಸಂದುಗೊಂದುಗಳಲ್ಲಿ ಕೋಪೆಪಾಡ್‌ನಂಥ ಕಣ್ಣಿಗೆ ಕಂಡೂ ಕಾಣದ ಜೀವಿಗಳನ್ನು ಹುಡುಕಿ ಹೆಕ್ಕುತ್ತಿರುತ್ತವೆ. ಹೊಸ ತೊಟ್ಟಿಯಲ್ಲಿ ಆ ಜೀವಿಗಳು ಇನ್ನೂ ಹುಟ್ಟಿಕೊಂಡಿರುವುದಿಲ್ಲ.

ಲ್ಯಾಬ್ರಿಡೇ ಎಂಬ ಈ ಕುಟುಂಬದಲ್ಲಿ ಐನೂರಕ್ಕೂ ಹೆಚ್ಚು ಪ್ರಭೇದಗಳಿವೆ. ಬೆರಳುದ್ದಕ್ಕಿಂತ ಹೆಚ್ಚು ಬೆಳೆಯದ ಮೀನುಗಳಿಂದ ಹಿಡಿದು ಸುಮಾರು ಎರಡು ಮೀಟರ್ ಬೆಳೆಯುವ ನೆಪೋಲಿಯನ್ ರಾಸ್‌ವರೆಗೆ ಎಲ್ಲವೂ ಒಂದೇ ಮನೆತನದವು. ಹಾಗಾಗಿ ಅಂಗಡಿಯವರು ‘ರಾಸ್’ ಎಂದಷ್ಟೇ ಹೇಳಿದರೆ ನಮಗೆ ತಿಳಿಯುವುದು ಬಹಳ ಕಡಿಮೆ. ಬಣ್ಣಕ್ಕೆ ಮನಸೋಲುವ ಮೊದಲು, ಈ ಮೀನು ರಾತ್ರಿ ಎಲ್ಲಿ ಮಲಗುತ್ತದೆ ಎಂದು ಕೇಳಿ. ಈ ಪ್ರಶ್ನೆಗೆ ಸಿಗುವ ಉತ್ತರದಿಂದಲೇ ತೊಟ್ಟಿಯ ತಳ, ಮುಚ್ಚಳ, ಚಿಕಿತ್ಸೆಯ ಬಗೆ ಎಲ್ಲವೂ ನಿರ್ಧಾರವಾಗುತ್ತವೆ.

ಹ್ಯಾಲಿಕೋರಿಸ್, ಕೋರಿಸ್, ಅನಾಂಪ್ಸಿಸ್ ಹಾಗೂ ಚಿರತೆ ರಾಸ್ ಎಂದು ಕರೆಯುವ ಮ್ಯಾಕ್ರೊಫ್ಯಾರಿಂಗೊಡಾನ್ ಕುಲದ ಮೀನುಗಳು ಕತ್ತಲಾಗುವ ಹೊತ್ತಿಗೆ ಮರಳಿನೊಳಗೆ ಹೂತುಕೊಂಡು ಮಲಗುತ್ತವೆ. ಫೇರಿ ರಾಸ್, ಫ್ಲಾಶರ್ ರಾಸ್ ಹಾಗೂ ಆರು ಗೆರೆಗಳ ರಾಸ್ ಕಲ್ಲಿನ ಸಂದಿನಲ್ಲಿ ಮಲಗುತ್ತವೆ. ಮೊದಲ ಗುಂಪಿನ ಮೀನನ್ನು ಮರಳಿಲ್ಲದ ಬರಿ ಗಾಜಿನ ತಳದ ತೊಟ್ಟಿಗೆ ತಂದರೆ, ಅದು ಪ್ರತಿ ಸಂಜೆಯೂ ಗಾಜಿಗೆ ಮೂತಿ ಗುದ್ದಿಕೊಂಡು, ಬಾಯಿ ಗಾಯವಾಗಿ, ಮೇವು ಬಿಟ್ಟು ಸೊರಗುತ್ತದೆ.

ನೀವು ನೋಡಿದ ಹಳದಿ ಮೀನು ಬಹುಮಟ್ಟಿಗೆ ಹ್ಯಾಲಿಕೋರಿಸ್ ಕ್ರೈಸಸ್ ಇರಬೇಕು. ಬೆನ್ನಿನ ಈಜುರೆಕ್ಕೆಯ ಮೇಲೆ ಕಪ್ಪು ಚುಕ್ಕೆ ಇದ್ದರೆ ಅದೇ ಎಂದು ತಿಳಿಯಬಹುದು. 12 ಸೆಂಟಿಮೀಟರ್‌ಗಿಂತ ಹೆಚ್ಚು ಬೆಳೆಯುವುದಿಲ್ಲ, ಸ್ವಭಾವ ಸೌಮ್ಯ, ಹವಳವನ್ನು ಮುಟ್ಟುವುದಿಲ್ಲ. ಹವಳಗಳ ಮೇಲೆ ಹರಡಿಕೊಳ್ಳುವ ಚಪ್ಪಟೆ ಹುಳು, ಶಂಖುಹುಳುಗಳ ರಸ ಹೀರುವ ಸಣ್ಣ ಪಿರಮಿಡೆಲಿಡ್ ಬಸವನಹುಳು ಮುಂತಾದವನ್ನು ಹೆಕ್ಕಿ ತಿನ್ನುವ ಉಪಕಾರವೂ ಅದರಿಂದ ಆಗುತ್ತದೆ. ಆದರೆ ಬೆರಳ ತುದಿಯಷ್ಟಿರುವ ಸೆಕ್ಸಿ ಶ್ರಿಂಪ್‌ನಂಥ ಪುಟ್ಟ ಅಲಂಕಾರಿಕ ಸಿಗಡಿಗಳಿದ್ದರೆ ಅವನ್ನೂ ಅದು ಬಿಡುವುದಿಲ್ಲ ಎಂಬುದು ನೆನಪಿರಲಿ. ನಿಮ್ಮ ತೊಟ್ಟಿಯಲ್ಲಿ ನಯವಾದ ಮರಳು ಕನಿಷ್ಠ ಐದರಿಂದ ಏಳು ಸೆಂಟಿಮೀಟರ್ ದಪ್ಪಕ್ಕೆ ಇದ್ದರೆ ನಾನು ಇದನ್ನೇ ಆರಿಸಿಕೊಳ್ಳಿ ಎನ್ನುತ್ತೇನೆ. ಮರಳಿನ ಕಣ ಒಂದು, ಹೆಚ್ಚೆಂದರೆ ಎರಡು ಮಿಲಿಮೀಟರ್ ಇರಲಿ. ಒಡೆದ ಚಿಪ್ಪಿನ ಚೂರುಗಳಂಥ ಒರಟು ತಳದಲ್ಲಿ ನುಗ್ಗುವಾಗ ಮೀನಿನ ಮೈ ತರಚಿ, ಆ ಗಾಯಗಳಿಗೆ ಸೋಂಕು ತಗಲುತ್ತದೆ.

ಕಿತ್ತಳೆ ಬಣ್ಣದ ಪುಟ್ಟ ಮೀನನ್ನು ದಯವಿಟ್ಟು ತರಬೇಡಿ. ನಿಮ್ಮ ವಿವರಣೆಯಂತೆ ಅದು ಕೋರಿಸ್ ಗೈಮಾರ್ಡ್‌ನ ಮರಿ. ಮರಿಯಲ್ಲಿ ಕಾಣುವ ಕಿತ್ತಳೆ, ಬಿಳಿ ಬಣ್ಣಗಳು ಬೆಳೆದಂತೆ ಮಾಯವಾಗುತ್ತವೆ. ಮೀನು 40 ಸೆಂಟಿಮೀಟರ್‌ವರೆಗೆ ಬೆಳೆದು, ಕಲ್ಲುಗಳನ್ನು ಮಗುಚಿ ಹಾಕಿ, ಏಡಿ, ಸಿಗಡಿ, ಬಸವನಹುಳು ಯಾವುದನ್ನೂ ಉಳಿಸದು. ಅದರ ಹತ್ತಿರದ ಸಂಬಂಧಿ ಕೋರಿಸ್ ಐಗುಲಾ ಇನ್ನೂ ದೊಡ್ಡದು, ಒಂದು ಮೀಟರನ್ನೂ ಮೀರಿ ಬೆಳೆಯುತ್ತದೆ. ಅದರ ಮರಿಯೂ ಅಷ್ಟೇ ಮುದ್ದಾಗಿರುತ್ತದೆ ಮತ್ತು ಅಷ್ಟೇ ಸಲೀಸಾಗಿ ಮಾರಾಟವಾಗುತ್ತದೆ. ಮುಂದೆ ಎಷ್ಟು ಬೆಳೆಯುತ್ತದೆ ಎಂದು ಹೇಳದೆ ಇಂಥ ಮರಿಗಳನ್ನು ಮಾರುವುದು ನನಗೆ ಬಹಳ ನೋವಿನ ಸಂಗತಿ. ಇಷ್ಟು ದೊಡ್ಡ ಮೀನನ್ನು ಅಂಗಡಿಯವರು ಮರಳಿ ತೆಗೆದುಕೊಳ್ಳುವುದು ಅಪರೂಪ, ನಮ್ಮ ಊರಿನ ಯಾವ ಕೆರೆಯಲ್ಲೂ ಅದು ಬದುಕದು.

ಆರು ಗೆರೆಗಳ ರಾಸ್‌ನ ವಿಚಾರ ಮುಂದಿನ ಒಂದು ಪತ್ರದಲ್ಲಿ ಬರುತ್ತದೆ.

ಪ್ರಶ್ನೆ: ನಿನ್ನೆ ಸಂಜೆ ತಂದು ಬಿಟ್ಟ ಹಳದಿ ರಾಸ್ ಹತ್ತೇ ನಿಮಿಷದಲ್ಲಿ ಕಾಣೆಯಾಯಿತು. ಇಂದು ಮಧ್ಯಾಹ್ನವಾದರೂ ಸುಳಿವಿಲ್ಲ. ಮರಳನ್ನು ಕೆದಕಿ ನೋಡಲೇ? (ಮಲ್ಲೇಶ್ವರದ ಓದುಗರು)

ಉತ್ತರ: ಕೆದಕಬೇಡಿ. ಈ ಮೀನು ಹೆದರಿದಾಗಲೂ ಮರಳಿನಲ್ಲೇ ಆಶ್ರಯ ಪಡೆಯುತ್ತದೆ. ಹಿಡಿದವರ ಕೈಯಿಂದ ವ್ಯಾಪಾರಿಯ ತೊಟ್ಟಿಗೆ, ಅಲ್ಲಿಂದ ವಿಮಾನದಲ್ಲಿ ಪ್ಲಾಸ್ಟಿಕ್ ಚೀಲದೊಳಗೆ, ಮತ್ತೆ ಅಂಗಡಿಗೆ, ಕೊನೆಗೆ ನಿಮ್ಮ ಮನೆಗೆ ಬಂದಿರುವ ಜೀವಕ್ಕೆ ಎರಡು ಮೂರು ದಿನಗಳ ವಿಶ್ರಾಂತಿ ಬೇಕಾಗುವುದು ಸಹಜ. ಚಿರತೆ ರಾಸ್‌ಗಳಂತೂ ಒಂದು ವಾರದವರೆಗೂ ಮೇಲೆ ಬಾರದೆ ಇರುವುದುಂಟು. ಕೈಹಾಕಿ ಎಬ್ಬಿಸಿದರೆ ಭಯ ಇಮ್ಮಡಿಯಾಗಿ, ಅದು ತೊಟ್ಟಿಯಿಂದ ಹೊರಗೆ ಹಾರುವ ಸಾಧ್ಯತೆಯೇ ಹೆಚ್ಚು.

ಮೀನು ಹೊಂದಿಕೊಂಡ ಮೇಲೆ ಒಂದು ಸಂಜೆ ತೊಟ್ಟಿಯ ಮುಂದೆ ಕುಳಿತು ನೋಡಿ. ದೀಪ ಆರುವುದಕ್ಕೆ ಇನ್ನೂ ಹೊತ್ತಿರುವಾಗಲೇ ಅದು ಮರಳಿನ ಮೇಲೆ ತಗ್ಗಿ ಈಜತೊಡಗುತ್ತದೆ. ಒಂದೇ ಜಾಗದ ಸುತ್ತ ನಾಲ್ಕಾರು ಬಾರಿ ಸುತ್ತುತ್ತದೆ, ತಲೆ ಓರೆ ಮಾಡಿ ಒಂದು ಕಣ್ಣಿನಿಂದ ತಳವನ್ನು ನಿರುಕಿಸುತ್ತದೆ. ನಂತರ ಮೈಯನ್ನು ಒಂದು ಪಕ್ಕಕ್ಕೆ ವಾಲಿಸಿ, ಮೂತಿ ಮುಂದಾಗಿ, ಬಾಲವನ್ನು ಎರಡು ಬಾರಿ ಬಲವಾಗಿ ಬೀಸಿದರೆ ಮುಗಿಯಿತು: ಪೂರ್ತಿ ಮೀನು ಒಳಗಿರುತ್ತದೆ. ಮೇಲೆದ್ದ ನಾಲ್ಕು ಮರಳ ಕಣಗಳು ಕೆಳಗಿಳಿಯುವ ಹೊತ್ತಿಗೆ ಅಲ್ಲಿ ಏನೂ ನಡೆದಿಲ್ಲವೇನೋ ಎಂಬಂತೆ ತಳ ಸಮವಾಗಿರುತ್ತದೆ. ಹೆಚ್ಚಿನ ಮೀನುಗಳು ದಿನವೂ ಅದೇ ಜಾಗಕ್ಕೆ ಬರುತ್ತವೆ. ಆ ಜಾಗವನ್ನು ಗುರುತಿಟ್ಟುಕೊಂಡು ಅಲ್ಲಿ ಕಲ್ಲನ್ನಾಗಲಿ ಹವಳವನ್ನಾಗಲಿ ಇಡದಿದ್ದರೆ ಸಾಕು.

ಮೀನು ಮೇಲೆ ಬಂದ ದಿನ ಸಣ್ಣ ಸಣ್ಣ ತುತ್ತಾಗಿ, ಮೇವಿಗೆಂದು ಮಾರುವ ಮೈಸಿಸ್ ಅಥವಾ ಆರ್ಟೀಮಿಯಾ ಎಂಬ ಪುಟ್ಟ ಸಿಗಡಿಯಂಥ ಜೀವಿಗಳನ್ನು ಕೊಡಿ. ಮೀನು ಮಾರುಕಟ್ಟೆಯಿಂದ ತಂದ ತಾಜಾ ಸಿಗಡಿಯನ್ನು ಸಿಪ್ಪೆ ಸುಲಿದು, ತೊಳೆದು, ಸಾಸಿವೆ ಕಾಳಿನಷ್ಟು ಸಣ್ಣಗೆ ಹೆಚ್ಚಿ ಹಾಕಿದರೂ ಇಷ್ಟಪಟ್ಟು ತಿನ್ನುತ್ತದೆ. ಸದಾ ಚಲಿಸುವ ಈ ಮೀನುಗಳಿಗೆ ದಿನಕ್ಕೊಮ್ಮೆ ಹೊಟ್ಟೆ ತುಂಬ ಹಾಕುವುದಕ್ಕಿಂತ ಎರಡು ಮೂರು ಬಾರಿ ಸ್ವಲ್ಪ ಸ್ವಲ್ಪ ಹಾಕುವುದು ಒಳ್ಳೆಯದು.

ಪ್ರಶ್ನೆ: ಬಹಳ ಆಸೆಯಿಂದ ತಂದ ಫೇರಿ ರಾಸ್ ಬೆಳಿಗ್ಗೆ ಎದ್ದು ನೋಡಿದಾಗ ನೆಲದ ಮೇಲೆ ಒಣಗಿ ಬಿದ್ದಿತ್ತು. ಮುಚ್ಚಳ ಹಾಕಿದರೆ ಬೇಸಿಗೆಯಲ್ಲಿ ನೀರು ಕಾಯುತ್ತದೆ, ಆದ್ದರಿಂದ ತೆರೆದೇ ಇಟ್ಟಿದ್ದೆವು. ಎರಡಕ್ಕೂ ಪರಿಹಾರವಿದೆಯೇ? (ಎಚ್.ಎಸ್.ಆರ್. ಬಡಾವಣೆಯ ಓದುಗರು)

ಉತ್ತರ: ನಿಮ್ಮ ದುಃಖ ಅರ್ಥವಾಗುತ್ತದೆ. ಮನೆಯ ತೊಟ್ಟಿಗಳಲ್ಲಿ ರಾಸ್‌ಗಳನ್ನು ಕಾಯಿಲೆಯಷ್ಟೇ ಕಾಡುವುದು ಈ ನೆಗೆತ. ಕಲ್ಲಿನ ಸಂದಿನಲ್ಲಿ ಮಲಗಿರುವ ಮೀನಿಗೆ ಕತ್ತಲಲ್ಲಿ ಏನೋ ತಾಗುತ್ತದೆ, ಅಥವಾ ನಡುರಾತ್ರಿ ನೀರು ಕುಡಿಯಲು ಎದ್ದವರು ಹಾಲಿನ ಟ್ಯೂಬ್‌ಲೈಟ್ ಹಾಕುತ್ತಾರೆ, ಅಥವಾ ದೀಪಾವಳಿಯ ರಾತ್ರಿ ಕಿಟಕಿಯಾಚೆ ಪಟಾಕಿ ಸಿಡಿಯುತ್ತದೆ. ಬೆಚ್ಚಿದ ಮೀನು ನೇರ ಮೇಲಕ್ಕೆ ಚಿಮ್ಮುತ್ತದೆ. ಕಡಲಿನಲ್ಲಾದರೆ ಅದು ಮತ್ತೆ ನೀರಿಗೇ ಬೀಳುತ್ತಿತ್ತು. ಹಗಲಿನಲ್ಲಿ ಗಂಡು ಮೀನುಗಳು ಒಂದರ ಮುಂದೊಂದು ಮೆರೆಯುವಾಗಲೂ ನೆಗೆಯುವುದುಂಟು.

ಗಾಜಿನ ಮುಚ್ಚಳದ ಬದಲು ಬಲೆಯ ಮುಚ್ಚಳ ಹಾಕಿಸಿ. ಕಿಟಕಿಗೆ ಸೊಳ್ಳೆ ಜಾಲರಿ ಕೂಡಿಸುವವರು ಅಳತೆಗೆ ತಕ್ಕಂತೆ ಅಲ್ಯೂಮಿನಿಯಂ ಚೌಕಟ್ಟು ಮಾಡಿಕೊಡುತ್ತಾರೆ. ಆದರೆ ಅವರ ಬಳಿ ಇರುವ ಬೂದು ಬಣ್ಣದ ಸೊಳ್ಳೆ ಜಾಲರಿ ಹವಳಗಳಿಗೆ ಬೇಕಾದ ಬೆಳಕನ್ನು ತಡೆಯುತ್ತದೆ, ಕಬ್ಬಿಣದ ಜಾಲರಿ ಉಪ್ಪಿಗೆ ತುಕ್ಕು ಹಿಡಿಯುತ್ತದೆ. ಪಾರದರ್ಶಕ ನೈಲಾನ್ ಅಥವಾ ಪಾಲಿ ಬಲೆಯನ್ನು ನೀವೇ ಕೊಟ್ಟು, ಅದನ್ನು ಬಿಗಿಯಾಗಿ ಕೂಡಿಸಿಕೊಡಲು ಹೇಳಿ. ಕಣ್ಣಿನ ಅಗಲ ಆರು ಮಿಲಿಮೀಟರ್ ಮೀರಬಾರದು. ಪೈಪು, ವೈರುಗಳು ಹೋಗುವ ಮೂಲೆಯ ಸಂದುಗಳನ್ನೂ ಬಿಡಬೇಡಿ. ಎರಡು ಬೆರಳು ತೂರುವ ಸಂದು ಫ್ಲಾಶರ್ ರಾಸ್‌ಗೆ ಹೆಬ್ಬಾಗಿಲು. ತೊಟ್ಟಿಯ ದೀಪಗಳು ಒಮ್ಮೆಲೇ ಆರುವುದಕ್ಕಿಂತ ಅರ್ಧ ಗಂಟೆಯಲ್ಲಿ ನಿಧಾನವಾಗಿ ಮಂದವಾಗುವಂತೆ ಮಾಡಿದರೆ ಮೀನು ತನ್ನ ಜಾಗ ಸೇರಿಕೊಳ್ಳಲು ಸಮಯ ಸಿಗುತ್ತದೆ.

ಬಲೆಯ ಮುಚ್ಚಳದಿಂದ ಗಾಳಿಯಾಡುವುದಕ್ಕೆ ತಡೆಯಾಗದ ಕಾರಣ ಕಾವಿನ ಸಮಸ್ಯೆಯೂ ತಗ್ಗುತ್ತದೆ. ನೀರಿನ ಮೇಲ್ಮೈಗೆ ಗಾಳಿ ಬೀಸುವ ಸಣ್ಣ ಫ್ಯಾನುಗಳು ನೀರನ್ನು ಆವಿಯಾಗಿಸಿ ಎರಡು ಮೂರು ಡಿಗ್ರಿ ತಂಪು ತರುತ್ತವೆ. ಬೆಂಗಳೂರಿನ ಮಾರ್ಚ್, ಏಪ್ರಿಲ್ ತಿಂಗಳ ಗಾಳಿ ಒಣಗಿರುವುದರಿಂದ ನಮ್ಮಲ್ಲಿ ಈ ಉಪಾಯ ಕಡಲತೀರದ ಊರುಗಳಿಗಿಂತ ಚೆನ್ನಾಗಿ ನಡೆಯುತ್ತದೆ. ಆವಿಯಾಗಿ ಹೋಗುವುದು ಬರಿಯ ನೀರು, ಉಪ್ಪು ಹಿಂದೆಯೇ ಉಳಿಯುತ್ತದೆ. ಆದ್ದರಿಂದ ಪ್ರತಿದಿನ ಕಡಿಮೆಯಾದಷ್ಟನ್ನು ಉಪ್ಪಿಲ್ಲದ ಆರ್.ಓ. ನೀರಿನಿಂದಲೇ ತುಂಬಿ, ಸಾಂದ್ರತೆಯನ್ನು 1.025ರಲ್ಲಿ ಕಾಯ್ದುಕೊಳ್ಳಬೇಕು. ಬೋರ್‌ವೆಲ್ ನೀರನ್ನಾಗಲಿ ಕ್ಲೋರಿನ್ ಇರುವ ನಲ್ಲಿಯ ಕಾವೇರಿ ನೀರನ್ನಾಗಲಿ ನೇರವಾಗಿ ಸುರಿಯಬೇಡಿ. ಅಡುಗೆಮನೆಯ ಆರ್.ಓ. ಯಂತ್ರಗಳಲ್ಲಿ ರುಚಿಗಾಗಿ ಖನಿಜಗಳನ್ನು ಮತ್ತೆ ಬೆರೆಸುವ ವ್ಯವಸ್ಥೆ ಇರುತ್ತದೆ. ತೊಟ್ಟಿಗೆ ಬೇಕಾಗುವುದು ಟಿ.ಡಿ.ಎಸ್. (ಕರಗಿದ ಲವಣಗಳ ಅಳತೆ) ಸೊನ್ನೆಗೆ ಬಂದ ನೀರು, ಅದಕ್ಕೆ ಉಳಿದ ಲವಣಗಳನ್ನೂ ಹೀರಿಕೊಳ್ಳುವ ಡಿ.ಐ. ರಾಳದ ಹಂತವೂ ಇರುವ ಪ್ರತ್ಯೇಕ ಯಂತ್ರ ಬೇಕು.

ಇದರ ಜೊತೆಗೆ ನಮ್ಮ ಊರಿನವರು ಅಷ್ಟಾಗಿ ಗಮನಿಸದ ಒಂದು ವಿಷಯವನ್ನು ಹೇಳಲೇಬೇಕು. ಬೆಂಗಳೂರು ಸಮುದ್ರಮಟ್ಟಕ್ಕಿಂತ 900 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಕಡಿಮೆ ಇರುವುದರಿಂದ ನೀರಿನಲ್ಲಿ ಕರಗುವ ಆಮ್ಲಜನಕವೂ ಸುಮಾರು ಶೇ. 10ರಷ್ಟು ಕಡಿಮೆ. 26 ಡಿಗ್ರಿ ಉಷ್ಣತೆಯ ಕಡಲ ನೀರು ಮಂಗಳೂರಿನಲ್ಲಿ ಲೀಟರಿಗೆ ಹೆಚ್ಚೆಂದರೆ ಸುಮಾರು 6.6 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ, ಅದೇ ನೀರು ಇಲ್ಲಿ 6 ಮಿಲಿಗ್ರಾಂನ ಆಸುಪಾಸಿಗೆ ನಿಲ್ಲುತ್ತದೆ. ನೀರು ಕಾದರೆ ಅದೂ ಇಳಿಯುತ್ತದೆ. ಪುಸ್ತಕಗಳಲ್ಲಿ ಸಾಕೆಂದು ಹೇಳುವ ಅಲೆಯೆಬ್ಬಿಸುವ ಪಂಪು ಇಲ್ಲಿ ಸಾಲದೆ ಬರುವುದು ಇದರಿಂದಲೇ. ಕರೆಂಟು ಹೋದಾಗ ಈ ಕೊರತೆ ಬೇಗ ಎದ್ದು ಕಾಣುತ್ತದೆ. ಎಡೆಬಿಡದೆ ಈಜುವ ರಾಸ್‌ಗಳು ಉಳಿದ ಮೀನುಗಳಿಗಿಂತ ಮೊದಲು ಮೇಲ್ಮೈಗೆ ಬಂದು ಬಾಯಿ ತೆರೆಯುತ್ತವೆ. ಮನೆಯ ಯು.ಪಿ.ಎಸ್.ಗೆ ಕನಿಷ್ಠ ಒಂದು ಅಲೆ ಪಂಪನ್ನಾದರೂ ಜೋಡಿಸಿ, ಅದನ್ನು ನೀರಿನ ಮೇಲ್ಮೈ ಕಲಕುವಂತೆ ತಿರುಗಿಸಿಡಿ.

ಪ್ರಶ್ನೆ: ಬೆಳಿಗ್ಗೆ ದೀಪ ಹಾಕುವ ಮೊದಲು ಟಾರ್ಚ್ ಬಿಟ್ಟು ನೋಡಿದಾಗ ನಮ್ಮ ಫ್ಲಾಶರ್ ರಾಸ್‌ನ ಸುತ್ತ ತೆಳುವಾದ ಲೋಳೆಯ ಚೀಲದಂಥದ್ದು ಕಂಡಿತು. ಆಮೇಲೆ ಅದು ಹರಿದು ನೀರಿನಲ್ಲಿ ತೇಲುತ್ತಿತ್ತು. ಏನು ಔಷಧ ಹಾಕಬೇಕು? (ರಾಜಾಜಿನಗರದ ಓದುಗರು)

ಉತ್ತರ: ಯಾವ ಔಷಧವೂ ಬೇಡ. ಕಲ್ಲಿನ ಸಂದಿನಲ್ಲಿ ಮಲಗುವ ರಾಸ್‌ಗಳು ಮತ್ತು ಅವುಗಳ ಹತ್ತಿರದ ಬಂಧುಗಳಾದ ಗಿಣಿಮೀನುಗಳು ರಾತ್ರಿ ತಮ್ಮ ಸುತ್ತ ಲೋಳೆಯ ಗೂಡೊಂದನ್ನು ಕಟ್ಟಿಕೊಳ್ಳುತ್ತವೆ. ಕತ್ತಲಲ್ಲಿ ರಕ್ತ ಹೀರಲು ಬರುವ ನ್ಯಾಥಿಡ್ ಎಂಬ ಸಣ್ಣ ಪರಾವಲಂಬಿಗಳನ್ನು ಈ ಗೂಡು ತಡೆಯುತ್ತದೆ ಎಂಬುದು ಗಿಣಿಮೀನುಗಳ ಮೇಲಿನ ಪ್ರಯೋಗದಲ್ಲಿ ಕಂಡುಬಂದಿದೆ. ಬೆಳಗಾದ ಮೇಲೆ ಮೀನು ಗೂಡನ್ನು ಹರಿದು ಹೊರಬರುತ್ತದೆ, ಅದರ ಚೂರುಗಳನ್ನು ಗಾಳಿಗುಳ್ಳೆಗಳಿಂದ ನೀರಿನ ಕೊಳೆ ತೆಗೆಯುವ ಸ್ಕಿಮ್ಮರ್ ಎಳೆದುಕೊಳ್ಳುತ್ತದೆ. ಟಾರ್ಚ್ ಬಿಡುವುದನ್ನು ಮಾತ್ರ ಕಡಿಮೆ ಮಾಡಿ. ನೋಡಲೇಬೇಕೆನಿಸಿದರೆ ಕೆಂಪು ಬೆಳಕು ಬಳಸಿ.

ಪ್ರಶ್ನೆ: ಆರು ಗೆರೆಗಳ ರಾಸ್ ಒಂದು ವರ್ಷದಿಂದ ನಮ್ಮಲ್ಲಿ ಚೆನ್ನಾಗಿದೆ. ಈಗ ಹೊಸದಾಗಿ ಯಾವ ಮೀನು ತಂದರೂ ಅಟ್ಟಾಡಿಸಿ ಈಜುರೆಕ್ಕೆ ಹರಿಯುತ್ತಿದೆ. ತೆಗೆದುಬಿಡಬೇಕೇ? (ವಿಜಯನಗರದ ಓದುಗರು)

ಉತ್ತರ: ಏಳೆಂಟು ಸೆಂಟಿಮೀಟರಿನ ಈ ಮೀನಿಗೆ ತೊಟ್ಟಿ ಪೂರ್ತಿ ತನ್ನದೇ ಎಂಬ ಭಾವನೆ ಬಂದುಬಿಡುತ್ತದೆ. ವಯಸ್ಸಾದಂತೆ ಅದು ಹೆಚ್ಚುತ್ತದೆಯೇ ಹೊರತು ಇಳಿಯುವುದಿಲ್ಲ. ಕೊನೆಗೆ ತರಬೇಕಾದ ಮೀನನ್ನು ಮೊದಲು ತಂದದ್ದರಿಂದ ಈ ಸ್ಥಿತಿ ಬಂದಿದೆ. ಶಾಂತ ಸ್ವಭಾವದವು ಮೊದಲು, ಜಗಳಗಂಟಿಗಳು ಕೊನೆಗೆ ಎಂಬ ಕ್ರಮವನ್ನು ರಾಸ್‌ಗಳ ವಿಷಯದಲ್ಲಿ ಕಡ್ಡಾಯವಾಗಿ ಪಾಲಿಸಬೇಕು.

ತೆಗೆದುಹಾಕುವ ಮೊದಲು ಒಂದು ಪ್ರಯತ್ನ ಮಾಡಬಹುದು. ತೂತುಗಳಿರುವ ಪಾರದರ್ಶಕ ಅಕ್ರಿಲಿಕ್ ಪೆಟ್ಟಿಗೆಯಲ್ಲಿ ಹೊಸ ಮೀನನ್ನು ಇಟ್ಟು, ಆ ಪೆಟ್ಟಿಗೆಯನ್ನು ತೊಟ್ಟಿಯೊಳಗೇ ಒಂದು ವಾರ ತೂಗುಹಾಕಿ. ಮೊದಲ ದಿನ ಹಳೆಯದು ಪೆಟ್ಟಿಗೆಯನ್ನು ಬಿಟ್ಟು ಕದಲುವುದಿಲ್ಲ. ಮೂರು ನಾಲ್ಕು ದಿನಗಳಲ್ಲಿ ಆಸಕ್ತಿ ಕಳೆದುಕೊಂಡು ತನ್ನ ಪಾಡಿಗೆ ತಾನು ಕಲ್ಲು ಹೆಕ್ಕತೊಡಗಿದರೆ ಆಶೆಯಿದೆ ಎಂದರ್ಥ. ಬಿಡುವ ದಿನ ಕೆಲವು ಕಲ್ಲುಗಳ ಜಾಗ ಬದಲಿಸಿ, ಸಂಜೆ ದೀಪಗಳು ಮಂದವಾದ ಮೇಲೆ ಬಿಡಿ. ಹೊಸದು ಮರಳಿನಲ್ಲಿ ಮಲಗುವ ಜಾತಿಯದಾದರೆ ಇಬ್ಬರಿಗೂ ಮಲಗುವ ಜಾಗಕ್ಕಾಗಿ ಕಿತ್ತಾಟವಿರದು. ಹೊಸದೂ ಕಲ್ಲಿನ ಸಂದಿನಲ್ಲೇ ಮಲಗುವ ಫ್ಲಾಶರ್‌ನಂಥ ಸಾಧು ಮೀನಾದರೆ, ಈ ಪ್ರಯತ್ನವನ್ನೇ ಮಾಡದೆ ಹಳೆಯ ಮೀನಿಗೆ ಬೇರೆ ಮನೆ ಹುಡುಕಿ ಎಂಬುದು ನನ್ನ ಅಭಿಪ್ರಾಯ. ಹಿಡಿಯುವುದಕ್ಕೆ ಬಲೆ ಬೀಸಿ ತೊಟ್ಟಿಯನ್ನೆಲ್ಲ ಕಲಕುವ ಬದಲು, ಅದೇ ಪೆಟ್ಟಿಗೆಯೊಳಗೆ ಮೇವಿಟ್ಟು ಬಾಗಿಲು ತೆರೆದಿಟ್ಟರೆ ಕೆಲವು ದಿನಗಳಲ್ಲಿ ತಾನಾಗಿಯೇ ಒಳಬರುತ್ತದೆ.

ಪ್ರಶ್ನೆ: ನಮ್ಮ ಮೀನುಗಳ ಮೈಮೇಲೆ ಉಪ್ಪಿನ ಕಣಗಳಂಥ ಬಿಳಿ ಚುಕ್ಕೆಗಳು ಬಂದಿವೆ. ಕ್ಲೀನರ್ ರಾಸ್ ತಂದರೆ ಎಲ್ಲವನ್ನೂ ತಿಂದು ಸ್ವಚ್ಛಮಾಡುತ್ತದೆ ಎಂದು ಅಂಗಡಿಯವರು ಹೇಳುತ್ತಾರೆ. ನಿಜವೇ? (ಯಲಹಂಕದ ಓದುಗರು)

ಉತ್ತರ: ನಿಜವಲ್ಲ. ಆ ಬಿಳಿ ಚುಕ್ಕೆಗಳು ಕ್ರಿಪ್ಟೊಕ್ಯಾರಿಯಾನ್ ಎಂಬ ಪರಾವಲಂಬಿಯಿಂದ ಬಂದವು. ಅದು ಮೀನಿನ ಚರ್ಮದ ಒಳಪದರದಲ್ಲಿ ಸೇರಿಕೊಳ್ಳುವುದರಿಂದ ಯಾವ ಮೀನಿನ ಬಾಯಿಗೂ ಸಿಗುವುದಿಲ್ಲ.

ಕ್ಲೀನರ್ ರಾಸ್ ಅಂದರೆ ಲ್ಯಾಬ್ರಾಯ್ಡಿಸ್ ಡಿಮಿಡಿಯೇಟಸ್ ಕಡಲಿನಲ್ಲಿ ಒಂದು ನಿಗದಿತ ಜಾಗದಲ್ಲಿ ನಿಂತಿರುತ್ತದೆ, ದೊಡ್ಡ ಮೀನುಗಳು ಸರದಿಯಲ್ಲಿ ಅದರ ಬಳಿ ಬರುತ್ತವೆ. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ನಡೆದ ಅಧ್ಯಯನದಲ್ಲಿ ಒಂದೊಂದು ಕ್ಲೀನರ್ ರಾಸ್ ದಿನಕ್ಕೆ ಎರಡು ಸಾವಿರಕ್ಕೂ ಹೆಚ್ಚು ಬಾರಿ ಮೀನುಗಳನ್ನು ಪರಿಶೀಲಿಸಿ, ಸಾವಿರಕ್ಕೂ ಹೆಚ್ಚು ಪರಾವಲಂಬಿಗಳನ್ನು ತಿನ್ನುವುದು ದಾಖಲಾಗಿದೆ. ಐದಾರು ಮೀನುಗಳಿರುವ ಮನೆಯ ತೊಟ್ಟಿಯಲ್ಲಿ ಅದಕ್ಕೆ ಆ ಆಹಾರ ಎಲ್ಲಿಂದ ಬರಬೇಕು? ಬಹುಪಾಲು ಕ್ಲೀನರ್ ರಾಸ್‌ಗಳು ಹಸಿವಿನಿಂದ ಕೆಲವೇ ವಾರಗಳಲ್ಲಿ ಸಾಯುತ್ತವೆ. ಅಷ್ಟರಲ್ಲಿ ಉಳಿದ ಮೀನುಗಳ ಮೈಮೇಲಿನ ಲೋಳೆಯನ್ನೇ ಕೀಳತೊಡಗಿ ಅವಕ್ಕೂ ನೆಮ್ಮದಿ ಕೊಡುವುದಿಲ್ಲ. ಅತ್ತ ಅದನ್ನು ಹಿಡಿದು ತಂದ ಹವಳದ ದಿಬ್ಬದಲ್ಲಿ ನೂರಾರು ಮೀನುಗಳಿಗೆ ಚಿಕಿತ್ಸಕನಿಲ್ಲದಂತಾಗುತ್ತದೆ. ಕನ್ನಡಿಯಲ್ಲಿ ಕಂಡ ಬಿಂಬ ತನ್ನದೇ ಎಂದು ಗುರುತಿಸುವ ಪರೀಕ್ಷೆಯಲ್ಲಿ ಈ ಪುಟ್ಟ ಮೀನು ತೇರ್ಗಡೆಯಾಯಿತು ಎಂಬ ಸಂಶೋಧನೆ 2019ರಲ್ಲಿ ಪ್ರಕಟವಾಗಿ ವಿಜ್ಞಾನಿಗಳಲ್ಲಿ ದೊಡ್ಡ ಚರ್ಚೆಯನ್ನೇ ಎಬ್ಬಿಸಿತು. ಇಂಥ ಮೀನನ್ನು ಮನೆಗೆ ತಂದು ಹಸಿವಿನಿಂದ ಕೊಲ್ಲುವುದನ್ನು ನಾನು ಯಾವ ಕಾರಣಕ್ಕೂ ಒಪ್ಪಲಾರೆ. ಶುಚಿ ಮಾಡುವ ದೃಶ್ಯವನ್ನು ನೋಡುವ ಆಸೆಯಿದ್ದರೆ ಕ್ಲೀನರ್ ಸಿಗಡಿಯನ್ನು ತನ್ನಿ. ಅದು ಸಾಮಾನ್ಯ ಮೇವನ್ನೂ ತಿಂದು ಬದುಕುತ್ತದೆ. ಚುಕ್ಕೆ ರೋಗಕ್ಕೆ ಬೇಕಾದ ಚಿಕಿತ್ಸೆ ಮುಂದಿನ ಉತ್ತರದಲ್ಲಿದೆ.

ಪ್ರಶ್ನೆ: ಹೊಸ ಹ್ಯಾಲಿಕೋರಿಸ್ ರಾಸ್‌ಗಳನ್ನು ಮುಖ್ಯ ಟ್ಯಾಂಕಿಗೆ ಬಿಡುವ ಮೊದಲು ಬೇರೆ ಟಬ್ಬಿನಲ್ಲಿ ತಾಮ್ರದ ಔಷಧ ಹಾಕಿ ಇಡಬೇಕೇ? ಮರಳು ಇಲ್ಲದೆ ಅವು ಹೇಗೆ ಇರುತ್ತವೆ? (ಜಯನಗರದ ಓದುಗರು)

ಉತ್ತರ: ಪ್ರತ್ಯೇಕವಾಗಿಟ್ಟು ನೋಡುವುದು ಖಂಡಿತ ಅಗತ್ಯ. ಆದರೆ ರಾಸ್‌ಗಳಲ್ಲಿ ಹಲವು, ವಿಶೇಷವಾಗಿ ಚಿರತೆ ರಾಸ್‌ಗಳು, ತಾಮ್ರವನ್ನು ಚೆನ್ನಾಗಿ ತಾಳಿಕೊಳ್ಳುವುದಿಲ್ಲ, ಮೇವು ಬಿಡುತ್ತವೆ. ಸುಣ್ಣದ ಅಂಶವಿರುವ ಅರಗೊನೈಟ್ ಮರಳು ತಾಮ್ರವನ್ನು ಹೀರಿಕೊಳ್ಳುವುದರಿಂದ ಔಷಧದ ಪ್ರಮಾಣವೂ ನಿಲ್ಲದು.

ಇವುಗಳಿಗೆ ತೊಟ್ಟಿ ಬದಲಿಸುವ ವಿಧಾನವೇ ಮೇಲು. ಚುಕ್ಕೆ ರೋಗದ ಪರಾವಲಂಬಿ ಮೀನಿನ ಮೈಯಲ್ಲಿ ಕೆಲವು ದಿನ ಬೆಳೆದು, ಕಳಚಿ ತಳಕ್ಕೆ ಬಿದ್ದು, ಗಟ್ಟಿ ಕೋಶ ಕಟ್ಟಿಕೊಂಡು, ಅದರೊಳಗೆ ನೂರಾರಾಗಿ ಒಡೆದು, ಮತ್ತೆ ಮೀನನ್ನು ಹುಡುಕಿಕೊಂಡು ಬರುತ್ತದೆ. ಕೋಶ ಒಡೆಯುವುದಕ್ಕೆ ಕನಿಷ್ಠ ಮೂರು ದಿನ ಬೇಕು. ಅಷ್ಟರೊಳಗೆ ಮೀನನ್ನು ಬೇರೊಂದು ಶುದ್ಧ ಟಬ್ಬಿಗೆ ದಾಟಿಸಿದರೆ ಕೋಶಗಳು ಹಿಂದೆಯೇ ಉಳಿಯುತ್ತವೆ. ಹೀಗೆ 72 ಗಂಟೆಗೊಮ್ಮೆ, ಒಟ್ಟು ನಾಲ್ಕು ಬಾರಿ ದಾಟಿಸಿದರೆ ಔಷಧವಿಲ್ಲದೆ ಮೀನು ಶುದ್ಧವಾಗುತ್ತದೆ. ಬಿಟ್ಟ ಟಬ್ಬು, ಹೀಟರ್, ಪಂಪುಗಳನ್ನು ತೊಳೆದು, ಬಿಸಿಲಿನಲ್ಲಿ ಪೂರ್ತಿ ಒಣಗಿಸಿ ಮುಂದಿನ ಸರದಿಗೆ ಬಳಸಿ.

ಮರಳಿಗಾಗಿ ಊಟದ ಡಬ್ಬಿಯಷ್ಟು ದೊಡ್ಡ ಪ್ಲಾಸ್ಟಿಕ್ ಡಬ್ಬಿಯಲ್ಲಿ ಏಳೆಂಟು ಸೆಂಟಿಮೀಟರ್ ಮರಳು ತುಂಬಿ ಟಬ್ಬಿನೊಳಗೆ ಇಡಿ. ಮೀನು ಸಂಜೆಯಾದೊಡನೆ ಅದನ್ನೇ ಹುಡುಕಿಕೊಂಡು ಹೋಗುತ್ತದೆ. ಹೆಚ್ಚಿನವರ ಶ್ರಮ ವ್ಯರ್ಥವಾಗುವುದು ಇಲ್ಲಿಯೇ. ಕಳಚಿದ ಪರಾವಲಂಬಿಗಳು ಮೀನು ಮಲಗಿದ್ದ ಮರಳಿನಲ್ಲೇ ಇರುವುದರಿಂದ ಅದೇ ಡಬ್ಬಿಯನ್ನು ಹೊಸ ಟಬ್ಬಿಗೆ ಸಾಗಿಸಿದರೆ ರೋಗವನ್ನೂ ಜೊತೆಯಲ್ಲೇ ಸಾಗಿಸಿದಂತೆ. ಪ್ರತಿ ಬಾರಿಯೂ ತೊಳೆದು ಒಣಗಿಸಿದ ಬೇರೆ ಮರಳು ಬೇಕು. ಮುಖ್ಯ ತೊಟ್ಟಿಗೂ ರೋಗ ತಗಲಿದ್ದರೆ ಅಲ್ಲಿ ಹತ್ತು ಹನ್ನೊಂದು ವಾರ ಒಂದೂ ಮೀನಿಲ್ಲದಂತೆ ಬಿಡಬೇಕು. ಮೈಮೇಲೆ ಚಿನ್ನದ ಪುಡಿ ಉದುರಿಸಿದಂತೆ ಕಾಣುವ ವೆಲ್ವೆಟ್ ರೋಗಕ್ಕೆ ಮಾತ್ರ ಈ ವಿಧಾನ ನಡೆಯುವುದಿಲ್ಲ.

ಪ್ರಶ್ನೆ: ರಾಮೇಶ್ವರದ ಕಡೆಯ ಪರಿಚಿತರೊಬ್ಬರು ಕಡಲಿನಿಂದ ಹವಳದ ಕಲ್ಲು ತಂದುಕೊಡುತ್ತೇನೆ ಎನ್ನುತ್ತಾರೆ. ರಾಸ್‌ಗಳಿಗೆ ಸಹಜ ವಾತಾವರಣ ಸಿಗುತ್ತದೆಯಲ್ಲವೇ? (ಕೋರಮಂಗಲದ ಓದುಗರು)

ಉತ್ತರ: ಸ್ವೀಕರಿಸಬೇಡಿ. ದಿಬ್ಬ ಕಟ್ಟುವ ಎಲ್ಲ ಗಡಸು ಹವಳಗಳು, ಕಪ್ಪು ಹವಳ, ಬೆಂಕಿ ಹವಳ, ಕಡಲ ಬೀಸಣಿಗೆ ಇವೆಲ್ಲವನ್ನೂ 2001ರಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಗೆ ಸೇರಿಸಲಾಗಿದೆ, ಅಂದರೆ ಕಾನೂನಿನ ಕಣ್ಣಿನಲ್ಲಿ ಅವು ಹುಲಿಯ ಸಾಲಿನಲ್ಲಿವೆ. ಸತ್ತ ಹವಳದ ತುಂಡಿಗೂ ಈ ರಕ್ಷಣೆ ಇದೆ. ಅದೂ ಅಲ್ಲದೆ ರಾಮೇಶ್ವರದ ಪಕ್ಕದಲ್ಲೇ 21 ದ್ವೀಪಗಳ ಮನ್ನಾರ್ ಕೊಲ್ಲಿ ಸಾಗರ ರಾಷ್ಟ್ರೀಯ ಉದ್ಯಾನವಿದೆ. ಅಪರಾಧ ಸಾಬೀತಾದರೆ ಮೂರರಿಂದ ಏಳು ವರ್ಷಗಳ ಸೆರೆವಾಸವಾಗಬಹುದು. ವಿದೇಶದಿಂದ ಬಂದ ಗಡಸು ಹವಳವೆಂದು ಹೇಳಿ ಮಾರುವವರ ಬಳಿಯೂ ಅಳಿವಿನಂಚಿನ ಜೀವಿಗಳ ಅಂತಾರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟ್ಸ್ ಒಪ್ಪಂದದ ಪ್ರಕಾರ ಇರಬೇಕಾದ ಆಮದು ದಾಖಲೆಗಳನ್ನು ಕೇಳಿ ನೋಡಿಯೇ ಮುಂದುವರಿಯಿರಿ.

ರಾಸ್‌ಗಳಿಗೆ ಬೇಕಾದದ್ದು ಸಂದುಗಳು. ಅಕ್ವೇರಿಯಂಗೆಂದೇ ತಯಾರಿಸಿದ ಸೆರಾಮಿಕ್ ಕಲ್ಲುಗಳಲ್ಲಿ ಅಂಥ ಸಂದುಗಳು ಬೇಕಾದಷ್ಟಿರುತ್ತವೆ, ಕೆಲವು ತಿಂಗಳಲ್ಲಿ ಉಪಕಾರಿ ಬ್ಯಾಕ್ಟೀರಿಯಾಗಳೂ ಕೋಪೆಪಾಡ್‌ಗಳೂ ಅವುಗಳಲ್ಲಿ ನೆಲೆಸುತ್ತವೆ. ಕಡಲಿನಲ್ಲೇ ರಾಸ್‌ಗಳನ್ನು ನೋಡಬೇಕೆನಿಸಿದರೆ ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ ನೀರಿಗಿಳಿಯಿರಿ. ನಮ್ಮದೇ ರಾಜ್ಯದ ಆ ನೀರಿನಲ್ಲಿ ಅವು ಕಲ್ಲು ಹೆಕ್ಕುವ ರೀತಿಯನ್ನು ನೋಡಿದ ಮೇಲೆ ನಿಮ್ಮ ತೊಟ್ಟಿಯ ಕಲ್ಲುಗಳನ್ನು ನೀವು ಬೇರೆಯದೇ ರೀತಿಯಲ್ಲಿ ಜೋಡಿಸುತ್ತೀರಿ.

ಪ್ರಶ್ನೆ: ಮೂರು ಹೆಣ್ಣು ಫೇರಿ ರಾಸ್‌ಗಳನ್ನು ತಂದಿದ್ದೆವು. ಈಗ ದೊಡ್ಡದಾದ ಒಂದು ಬಣ್ಣ ಬದಲಿಸಿ, ಈಜುರೆಕ್ಕೆಗಳನ್ನು ಅರಳಿಸಿಕೊಂಡು ಓಡಾಡುತ್ತಿದೆ. ಅದು ಗಂಡಾಗುತ್ತಿದೆ ಎಂದು ಮಗಳು ಹೇಳುತ್ತಾಳೆ. ಸಾಧ್ಯವೇ? (ಬನಶಂಕರಿಯ ಓದುಗರು)

ಉತ್ತರ: ನಿಮ್ಮ ಮಗಳು ಸರಿಯಾಗಿಯೇ ಹೇಳಿದ್ದಾಳೆ. ಹೆಚ್ಚಿನ ರಾಸ್‌ಗಳು ಹೆಣ್ಣಾಗಿ ಬಾಳು ಆರಂಭಿಸುತ್ತವೆ. ಗುಂಪಿನ ಗಂಡು ಸತ್ತರೆ ಅಥವಾ ಗಂಡೇ ಇಲ್ಲದಿದ್ದರೆ ದೊಡ್ಡ ಹೆಣ್ಣು ಗಂಡಾಗಿ ಮಾರ್ಪಡುತ್ತದೆ. ಕ್ಲೀನರ್ ರಾಸ್‌ಗಳಲ್ಲಿ ಇದನ್ನು ಗಮನಿಸಿ 1972ರಲ್ಲಿ ಪ್ರಕಟಿಸಿದ ಪ್ರಸಿದ್ಧ ಅಧ್ಯಯನದಲ್ಲಿ, ಗಂಡನ್ನು ತೆಗೆದ ಕೆಲವೇ ಗಂಟೆಗಳಲ್ಲಿ ಹಿರಿಯ ಹೆಣ್ಣು ಗಂಡಿನಂತೆ ವರ್ತಿಸತೊಡಗಿದ್ದೂ, ಸುಮಾರು ಎರಡು ವಾರಗಳಲ್ಲಿ ದೇಹವೂ ಪೂರ್ತಿ ಬದಲಾದದ್ದೂ ದಾಖಲಾಗಿವೆ. ಅದಕ್ಕಾಗಿಯೇ ಒಂದೇ ಜಾತಿಯ ಫೇರಿ ರಾಸ್‌ಗಳನ್ನು ಗುಂಪಾಗಿ ಸಾಕಬೇಕೆನ್ನುವವರು ಎಲ್ಲವನ್ನೂ ಚಿಕ್ಕ ಹೆಣ್ಣುಗಳಾಗಿಯೇ ತರುವುದು ಸೂಕ್ತ. ಎರಡು ಗಂಡುಗಳನ್ನು ಕೂಡಿಸಿದರೆ ಒಂದು ಉಳಿಯುವುದಿಲ್ಲ. ಹೊಸ ಗಂಡು ಉಳಿದೆರಡನ್ನು ಮೇವಿನ ಹೊತ್ತಿನಲ್ಲಿ ತೀರಾ ಅಟ್ಟುತ್ತಿದ್ದರೆ ತೊಟ್ಟಿಯ ಎರಡು ತುದಿಗಳಲ್ಲಿ ಒಮ್ಮೆಗೇ ಮೇವು ಹಾಕಿ.

ಪ್ರಶ್ನೆ: ನಮ್ಮ ಟ್ಯಾಂಕ್ ಇರುವ ಹಾಲಿನಲ್ಲೇ ರಾತ್ರಿ ಸೊಳ್ಳೆ ಓಡಿಸುವ ದ್ರವದ ಯಂತ್ರ ಹಚ್ಚುತ್ತೇವೆ. ತೊಂದರೆಯಿದೆಯೇ? (ಬೆಳ್ಳಂದೂರಿನ ಓದುಗರು)

ಉತ್ತರ: ಇದೆ. ಅದರಲ್ಲಿರುವ ಪೈರೆಥ್ರಾಯ್ಡ್ ಜಾತಿಯ ಕೀಟನಾಶಕಗಳು ಮನುಷ್ಯರಿಗಿಂತ ಮೀನುಗಳಿಗೆ ಎಷ್ಟೋ ಪಾಲು ಹೆಚ್ಚು ವಿಷ. ಸಿಗಡಿ, ಕೋಪೆಪಾಡ್‌ಗಳಿಗೆ ಇನ್ನೂ ಅಪಾಯ. ಏರ್ ಪಂಪ್ ಮತ್ತು ಸ್ಕಿಮ್ಮರ್‌ಗಳು ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ಬೆರೆಸುತ್ತವೆ. ಹಾಲಿನಲ್ಲಿ ಆ ಯಂತ್ರವನ್ನೂ ಸೊಳ್ಳೆ ಬತ್ತಿಯನ್ನೂ ಬಿಟ್ಟು ಕಿಟಕಿಗೆ ಜಾಲರಿ ಹಾಕಿಸಿ, ಮಲಗುವ ಕೋಣೆಯಲ್ಲಿ ಸೊಳ್ಳೆ ಪರದೆ ಬಳಸಿ. ಅಪಾರ್ಟ್‌ಮೆಂಟಿನಲ್ಲಿ ಜಿರಳೆ ಔಷಧ ಸಿಂಪಡಿಸುವ ದಿನ ಮೊದಲೇ ತಿಳಿದುಕೊಂಡು, ನಿಮ್ಮ ಮನೆಯನ್ನು ಬಿಟ್ಟು ಸಿಂಪಡಿಸಲು ಹೇಳಿ. ಅದು ಆಗದಿದ್ದರೆ ತೊಟ್ಟಿಯನ್ನು ಒದ್ದೆ ಬಟ್ಟೆಯಿಂದ ಮುಚ್ಚಿ, ಸ್ಕಿಮ್ಮರ್‌ನ ಗಾಳಿಯ ಕೊಳವೆಯನ್ನು ಬಾಲ್ಕನಿಯಾಚೆಗೆ ಎಳೆದಿಟ್ಟು, ಸಿಂಪಡಿಸಿದ ಕೋಣೆಗಳ ಕಿಟಕಿಗಳನ್ನು ದಿನವಿಡೀ ತೆರೆದಿಡಿ.